ಎರಡು ಸೆಂಟಿಮೀಟರ್ ಮುಂದೆ

ಅಕ್ಟೋಬರ್ 2, ಗುರುವಾರ
ಕ್ಲಿಯರ್ ಲೇಕ್, ಹ್ಯೂಸ್ಟನ್

ಬದರಿಗೆ ಏನು ನಷ್ಟ, ಅದನ್ನೇ ನಿನ್ನೆ ಇಲ್ಲಿ ಬರೆಯುತ್ತಿದ್ದೆ, ಸಿಟ್ಟಿನಲ್ಲಿ ಅರ್ಧಕ್ಕೇ ಪೆನ್ನು ಇಟ್ಟುಬಿಟ್ಟೆ. ಹೆಂಡತಿ ಒಳಗೆ ಚಕ್ಕುಲಿ ಕರಿಯುವ ಸದ್ದು ಫೋನಿನಲ್ಲೇ ಕೇಳುತ್ತಿರುವ ಮನೆಯಲ್ಲಿ ಕೂತು 'ಮೂವ್ ಆನ್ ಆಗ್ಬೇಕು ಕಣೋ ಮಹಾಬಲ' ಅನ್ನುವುದು ಬಹಳ ಸುಲಭ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗಲೂ ಅವನು ಹೀಗೆಯೇ. ಫೇಲಾದವರ ಹೆಗಲ ಮೇಲೆ ಕೈ ಹಾಕುವುದೆಂದರೆ ಅವನಿಗೆ ಇಷ್ಟ. ತಾನು ಪಾಸಾಗಿರುತ್ತಿದ್ದನಲ್ಲ.

ಅವನು ಫೋನ್ ಮಾಡಿದ್ದು ಫೆಬ್ರವರಿಯ ಸ್ಕೀ ಪ್ರಯಾಣಕ್ಕೆ ಬರುತ್ತೀಯಾ ಎಂದು ಕೇಳಲು. ಪ್ರತಿ ವರ್ಷ ಡಲ್ಲಾಸಿನ ಹತ್ತಿರ ಕಾಪೆಲ್‌ನಲ್ಲಿರುವ ಅವನ ಮನೆಯಿಂದಲೇ ನಮ್ಮ ಗುಂಪು ನ್ಯೂ ಮೆಕ್ಸಿಕೋ ಬೆಟ್ಟಗಳಿಗೆ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಲು, ಹೊರಡುವುದು. ಕಾರಿನಲ್ಲಿ ಇಡೀ ದಿನದ ದಾರಿ. ಇಲ್ಲ ಅಂದೆ. ಸರಿ, ಮಹತಿ ಬರ್ತೀನಿ ಅಂದಿದಾಳೆ, ಅಂದ. ನನ್ನ ಮಗಳು ಎಲ್ಲಿಗೆ ಹೋಗುತ್ತಾಳೆ ಅನ್ನುವುದನ್ನು ನಾನು ಬದರಿನಾಥನ ಬಾಯಿಂದ ಕೇಳಬೇಕು. 'ಅವಳಮ್ಮನ ಸ್ಕೀ ತಗೊಂಡು ಬರ್ತಾಳಂತೆ' ಅಂತ ಬೇರೆ ಸೇರಿಸಿದ. ಫೋನ್ ಇಟ್ಟೆ.

ನಿನ್ನೆ ಆಯುಧಪೂಜೆ. ನಾನು ಏನೂ ಮಾಡಲಿಲ್ಲ. ಹೆಂಡತಿ ದಾಕ್ಷಾಯಣಿ ಇದ್ದಾಗ ಗ್ಯಾರೇಜಿನಲ್ಲಿ ಕಾರು, ಕುಕ್ಕರು, ಹೊಲಿಗೆ ಮಷೀನು, ಅವುಗಳ ಪಕ್ಕ ಗೋಡೆಗೆ ಒರಗಿಸಿದ ನಮ್ಮಿಬ್ಬರ ಸ್ಕೀಗಳು, ಎಲ್ಲಕ್ಕೂ ಕುಂಕುಮ, ಸೇವಂತಿಗೆ. ಹಿಮವೇ ಕಾಣದ ಹ್ಯೂಸ್ಟನ್‌ನಲ್ಲಿ ಸ್ಕೀಗೆ ಆರತಿ. 'ಕಾಲು ಮುರೀದೆ ವಾಪಸ್ ಕರ್ಕೊಂಡ್ ಬರತ್ತಲ್ಲ, ಅದೂ ಆಯುಧಾನೇ ರೀ' ಅನ್ನುತ್ತಿದ್ದಳು. ಅವಳ ಸ್ಕೀಯ ತುದಿಯಲ್ಲಿ ಆ ಕೆಂಪು ಇನ್ನೂ ಸ್ವಲ್ಪ ಉಳಿದಿದೆ.

ಕಾಲು ಮುರಿಯಲಿಲ್ಲ. ಕಳೆದ ನವೆಂಬರಿನಲ್ಲಿ ಸಾವು ಬೇರೆ ಕಡೆಯಿಂದ ಬಂತು.

ಅಕ್ಟೋಬರ್ 5, ಭಾನುವಾರ

ಮಹತಿ ಆಸ್ಟಿನ್‌ನಿಂದ ಫೋನ್ ಮಾಡಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ದಾಕ್ಷಾಯಣಿ ಮಧ್ಯದಲ್ಲಿದ್ದಾಗ ಇದು ಸಂಭಾಷಣೆಯಂತೆ ಕಾಣುತ್ತಿತ್ತು. ಈಗ ಇಬ್ಬರು ಬೇರೆ ಬೇರೆ ಜನರಿಗೆ ಫೋನ್ ಮಾಡಿದ ಹಾಗೆ.

'ಡಿಡ್ ಬದರಿ ಅಂಕಲ್ ಟೆಲ್ ಯೂ? ಐ ವಾಂಟೆಡ್ ಟು ಟೆಲ್ ಯೂ ಮೈಸೆಲ್ಫ್.'

'ಆ ಸ್ಕೀ ನಿನಗೆ ಆಗೋದಿಲ್ಲ.'

'ಅಪ್ಪ, ಅಮ್ಮ ಗೇವ್ ದೆಮ್ ಟು ಮಿ.'

'ನನ್ನೆದುರಿಗೆ ಕೊಡಲಿಲ್ಲ.'

ನಾನು ವಿಷಯಕ್ಕೆ ಬಂದೆ. ಅವಳ ಬೂಟು ತಾಯಿಯ ಬೂಟಿಗಿಂತ ಎರಡು ಸೆಂಟಿಮೀಟರ್ ಉದ್ದ. ಬೂಟನ್ನು ಮುಂದೊಂದು ಹಿಂದೊಂದು ಕಚ್ಚಿ ಹಿಡಿಯುವ ತುಂಡುಗಳು, ಬೈಂಡಿಂಗ್ ಅನ್ನುತ್ತಾರೆ, ಸ್ಕೀಗೆ ಸ್ಕ್ರೂ ಹೊಡೆದು ಕೂರಿಸಿರುತ್ತವೆ. ಆ ಮಾಡೆಲ್‌ನಲ್ಲಿ ಹಿಂದಿನದು ಹಳಿಯ ಮೇಲೆ ಜಾರುವುದು ಬೆರಳಿನ ಅರ್ಧ ಅಗಲದಷ್ಟು ಮಾತ್ರ. ಅಂದರೆ ಕಿತ್ತು ಹೊಸ ತೂತು ಕೊರೆಯಬೇಕು. ಆಕಾಶಕ್ಕೆ ಹೋಗುವ ಯಂತ್ರಗಳ ಸ್ಕ್ರೂ, ಬೋಲ್ಟುಗಳನ್ನು ಪರೀಕ್ಷಿಸಿ ವರದಿ ಬರೆಯುವುದೇ ನನ್ನ ಕೆಲಸವಾಗಿತ್ತು. ತೂತು ಬಿದ್ದ ಜಾಗ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

'ಡ್ರಿಲ್ ಮುಟ್ಟಿಸೋದಿಲ್ಲ ಅದಕ್ಕೆ. ನಿನಗೆ ಹೊಸದು ಕೊಡಿಸ್ತೀನಿ. ನಾನೇ ಆರಿಸ್ತೀನಿ.'

'ಐ ಡಿಡಂಟ್ ಆಸ್ಕ್ ಫಾರ್ ನ್ಯೂ.'

'ಎಲ್ಲಾ ಕಡೆ ನಡೆಯೋ ಅಂಥದ್ದು. ಆಲ್ ಮೌಂಟನ್.'

ಓಕೆ ಅಪ್ಪ, ಅಂದಳು. ಅವಳ 'ಓಕೆ' ಯಾವತ್ತೂ ಒಪ್ಪಿಗೆ ಅಲ್ಲ. ಅದು ಅವಳ ತಾಯಿಯ 'ಸರಿ'.

ಅಕ್ಟೋಬರ್ 19, ಭಾನುವಾರ

ನಾಳೆ ನರಕ ಚತುರ್ದಶಿ. ಎಣ್ಣೆ ಹಚ್ಚುವವರಿಲ್ಲ, ಬೆಳಗಿನಿಂದ ಸ್ಕೀ ವಿಮರ್ಶೆಗಳನ್ನು ಓದುತ್ತಾ ಕೂತಿದ್ದೇನೆ.

ಒಂದೊಂದನ್ನೂ 'ವರ್ಸಟೈಲ್', ಎಲ್ಲದಕ್ಕೂ ಸೈ, ಅನ್ನುತ್ತಾರೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಶ್ರೀಕಂಠಯ್ಯನವರು ಈ ಪದವನ್ನು ಬೋರ್ಡಿನ ಮೇಲೆ ಬರೆದು, ಇದನ್ನು ಸತ್ತ ಮಹನೀಯರಿಗೆ ಮಾತ್ರ ಬಳಸಬೇಕು ಅಂದಿದ್ದರು. ಬದುಕಿರುವವನಿಗೆ ಬಳಸಿದರೆ ಅವನು ಯಾವುದನ್ನೂ ನೆಟ್ಟಗೆ ಮಾಡಿಲ್ಲ ಎಂದರ್ಥ. ಅದರ ಮುಂದೆ ಇನ್ನೂ ಏನೋ ಹೇಳಿದ್ದರು, ಇಡೀ ತರಗತಿ ನಕ್ಕಿತ್ತು. ನಗು ನೆನಪಿದೆ, ಮಾತು ಹೋಗಿದೆ. ನನ್ನ ಕಾಲೇಜಿನ ಇಂಗ್ಲಿಷ್ ಎಲ್ಲ ಹೀಗೆಯೇ ಉಳಿದಿದೆ. ಸೂಪರ್ಲೇಟಿವ್ ಬಗ್ಗೆಯೂ ಒಂದು ಪಾಠ ಇತ್ತು. ಈ ವಿಮರ್ಶಕರು ಆ ದಿನ ರಜೆ ಹಾಕಿದ್ದಿರಬೇಕು.

ವಿಷಯ ಕಷ್ಟದ್ದಲ್ಲ. ಸ್ಕೀಗೆ ಒಂದು ಸೊಂಟ ಇರುತ್ತದೆ, ಕಾಲಿನ ಕೆಳಗಿನ ಅಗಲ. ಸೊಂಟ ಸಣ್ಣದಾದರೆ ಗಟ್ಟಿ ಹಿಮದ ಮೇಲೆ ಚೂರಿಯ ಹಾಗೆ ಕಚ್ಚುತ್ತದೆ, ಹೊಸ ಹಿಮದಲ್ಲಿ ಮುಳುಗುತ್ತದೆ. ಅಗಲವಾದರೆ ಮೇಲೆ ತೇಲುತ್ತದೆ, ಆದರೆ ಬೆಳಗಿನ ಗಟ್ಟಿ ಇಳಿಜಾರಿನಲ್ಲಿ ತಿರುಗಿಸಲು ಮೊಣಕಾಲನ್ನು ಬೇಡಿಕೊಳ್ಳಬೇಕು. ಎಂಬತ್ತೆಂಟು ಮಿಲಿಮೀಟರಿನಿಂದ ನೂರರ ಒಳಗೆ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡರೆ ಅದಕ್ಕೆ ಆಲ್ ಮೌಂಟನ್ ಎಂದು ಹೆಸರು. ಒಳಗೆ ಲೋಹದ ಹಾಳೆ ಇದ್ದರೆ ವೇಗದಲ್ಲಿ ನಡುಗುವುದಿಲ್ಲ, ಇಲ್ಲದಿದ್ದರೆ ದಿಬ್ಬಗಳಲ್ಲಿ ಹಗುರ. ತುದಿ ಎಷ್ಟು ಮೇಲಕ್ಕೆ ಬಾಗಿದೆ, ಬಾಲ ಎಷ್ಟು ಬಿಗಿ. ಇಷ್ಟೇ. ಇದಕ್ಕೆ ಸಾವಿರ ಪದ ಬೇಕಿಲ್ಲ.

ಎಲ್ಲದರಲ್ಲೂ ಒಂದೊಂದು ದೋಷ ಕಾಣುತ್ತಿದೆ. ಒಂದರ ಬಾಲ ಬಿಗಿ, ಇನ್ನೊಂದು ತುಂಬಾ ಸಡಿಲ, ಮತ್ತೊಂದು ಎಂಬತ್ತೆಂಟು ಇದ್ದರೂ ದಾಕ್ಷಾಯಣಿಯದರ ಹಾಗೆ ಇಲ್ಲ.

ಅವಳದನ್ನು ಎಂಟು ವರ್ಷದ ಹಿಂದೆ ನಾನೇ ಆರಿಸಿದ್ದು. ಅವಳ ಎತ್ತರಕ್ಕೆ ಒಂದು ಸೈಜ್ ಉದ್ದ. ಚಿಕ್ಕಂದಿನಲ್ಲಿ ಅಪ್ಪ ನಮಗೆ ಶಾಲೆಯ ಬೂಟನ್ನು ಒಂದು ಸೈಜ್ ದೊಡ್ಡದೇ ಕೊಡಿಸುತ್ತಿದ್ದರು, ತುದಿಗೆ ಹತ್ತಿ ತುರುಕಿ ಹಾಕಿಕೊಳ್ಳಬೇಕು. ಬೆಳೆಯುವ ಕಾಲು. ಹಾಗೆಯೇ ಇದೂ, ಕಲಿತಂತೆ ಬೆಳೆಯುವ ಕೈ ಅಂದೆ. ಬೂಟಿನ ನಡು ಎಲ್ಲಿ ಬರಬೇಕೆಂದು ತಯಾರಕರು ಸ್ಕೀ ಮೇಲೆ ಒಂದು ಗೆರೆ ಹಾಕಿರುತ್ತಾರೆ. ಸರಿಯಾಗಿ ಅದರ ಮೇಲೆಯೇ ನಾನು ಎದುರಿಗೆ ನಿಂತು ಬೈಂಡಿಂಗ್ ಹಾಕಿಸಿದೆ. ಮೊದಲ ವರ್ಷ ಅವಳು ಆ ಸ್ಕೀಯ ಜೊತೆ ಒದ್ದಾಡಿದಳು. ಎರಡನೆಯ ವರ್ಷದಿಂದ ದಿಬ್ಬಗಳ ಮಧ್ಯೆ ಅವಳು ಇಳಿಯುವುದನ್ನು ತಂತಿಯ ಮೇಲೆ ಬೆಟ್ಟ ಹತ್ತಿಸುವ ಲಿಫ್ಟಿನಲ್ಲಿ ಕೂತ ಅಪರಿಚಿತರು ಬಗ್ಗಿ ನೋಡುತ್ತಿದ್ದರು. ಬೆಳೆದಳು, ನಾನು ಹೇಳಿದ ಹಾಗೆ. ಪ್ರತಿ ಸಂಜೆ ಲಾಡ್ಜಿನಲ್ಲಿ ಕಾಫಿ ಕುಡಿಯುತ್ತಾ ಗುಂಪಿಗೆಲ್ಲ ಇದನ್ನು ವಿವರಿಸುತ್ತಿದ್ದೆ. ಸರಿಯಾದ ಉದ್ದ, ಸರಿಯಾದ ಗೆರೆ. ಅವಳು ಬದರಿಯ ಹೆಂಡತಿ ರಾಜಲಕ್ಷ್ಮಿಯನ್ನು ನೋಡಿ ನಗುತ್ತಿದ್ದಳು.

ಆ ಗೆರೆಯ ಮೇಲೆ ಒಂದು ಚಿಟ್ಟೆಯ ಸ್ಟಿಕರ್ ಅಂಟಿಸಿಕೊಂಡಿದ್ದಾಳೆ, ಮಹತಿಯ ಹಳೆಯ ಡ್ರಾಯರಿನಿಂದ. ಏನು ಮಗಳ ಹುಚ್ಚೋ.

ಅಕ್ಟೋಬರ್ 23

ಒಂದು ಆರಿಸಿದೆ. ಮತ್ತೆ ಬಿಟ್ಟೆ.

ನವೆಂಬರ್ 9, ಭಾನುವಾರ

ವರ್ಷಾಬ್ದಿಕ ಮುಗಿಯಿತು. ಪುರೋಹಿತರು ಬೇಗ ಮುಗಿಸಿದರು, ಅವರಿಗೆ ಊರಾಚೆ ಕೇಟಿಯಲ್ಲಿ ಗೃಹಪ್ರವೇಶ ಇತ್ತು. ಬದರಿ ದಂಪತಿ ಬಂದಿದ್ದರು. ರಾಜಲಕ್ಷ್ಮಿ ಹುಬ್ಬಳ್ಳಿಯವರು. ಇಡೀ ಅಡುಗೆ ಒಬ್ಬರೇ ಮಾಡಿದರು, ನನ್ನ ಮುಖ ನೋಡದೆ. ಉಪಕಾರ ಮಾಡುವವರು ಮುಖ ನೋಡುವುದಿಲ್ಲ, ಗಮನಿಸಿದ್ದೇನೆ.

ಊಟ ಆದ ಮೇಲೆ ಮಹತಿ ಕಾಣಲಿಲ್ಲ. ಗ್ಯಾರೇಜಿನಲ್ಲಿದ್ದಳು. ತಾಯಿಯ ಸ್ಕೀ ಒಂದನ್ನು ಗೋಡೆಯಿಂದ ಇಳಿಸಿ, ಬಾಲ ಕಾಲಿನ ಹತ್ತಿರ ಊರಿ, ನಡುವಿಗೆ ಅಂಗೈ ಒತ್ತಿ ಬಾಗಿಸಿ ನೋಡುತ್ತಿದ್ದಳು.

'ಇವತ್ತೇ ಬೇಕಾಗಿತ್ತಾ ಅದು?' ಅಂದೆ.

'ಐ ವಾಸ್ ಜಸ್ಟ್ ಹೋಲ್ಡಿಂಗ್ ಇಟ್.'

'ಅಮ್ಮ ಹೋಗಿ ಮೂರು ತಿಂಗಳಿಗೆ ಬೆಟ್ಟಕ್ಕೆ ಹೋದವಳು ನೀನು. ನಗ್ತಾ ಫೋಟೋ ಹಾಕಿದ್ದೆ. ನೋಡಿದೀನಿ.'

ಮೆಲ್ಲಗೆ ಸ್ಕೀಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು, ಒಡೆದ ಕನ್ನಡ, ಆದರೆ ಕನ್ನಡ: 'ಅಮ್ಮ ಹೋಗು ಅಂದ್ರು. ಆಸ್ಪತ್ರೆಯಲ್ಲಿ ಅಂದ್ರು. ನಾನು ಹೋದೆ. ಒಬ್ಳೇ ಲಿಫ್ಟಲ್ಲಿ ಅಳ್ತಾ ಇದ್ದೆ. ಅದರ ಫೋಟೋ ಯಾರು ಹಾಕ್ತಾರೆ ಅಪ್ಪ?'

ಸ್ಕೀಯ ತುದಿಗೆ ಅವಳ ಕೈ ತಾಗಿ ಕುಂಕುಮ ಹೋಗಿದೆಯೇ ಎಂದು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. ಸಂಜೆಯ ಕಾಫಿಗೂ ನಿಲ್ಲದೆ ಆಸ್ಟಿನ್‌ಗೆ ಹೊರಟುಹೋದಳು.

ಕುಂಕುಮ ಹೋಗಿರಲಿಲ್ಲ.

ಡಿಸೆಂಬರ್ 14, ಭಾನುವಾರ

ಆಸ್ಟಿನ್‌ಗೆ ಹೋಗಿ ಬಂದೆ. ಕೊನೆಗೂ ಒಂದು ಜೊತೆ ಸ್ಕೀ ತೆಗೆದುಕೊಂಡಿದ್ದೆ. ತೊಂಬತ್ತಾರರ ಸೊಂಟ, ಎರಡು ಲೋಹದ ಹಾಳೆ, ಉದ್ದನೆಯದು. ಪರಿಣತರಿಗೆ ಮಾತ್ರ ಅಂತ ಎಲ್ಲ ವಿಮರ್ಶೆಯಲ್ಲೂ ಇತ್ತು. ಕಾರಿನೊಳಗೆ ಹಿಂದಿನ ಸೀಟು ಮಡಚಿ, ಹೊಸ ಸೊಸೆಯನ್ನು ಕರೆತರುವ ಹಾಗೆ ಹೊದಿಕೆ ಹೊದಿಸಿ ಒಯ್ದಿದ್ದೆ.

ಅವಳ ಅಪಾರ್ಟ್‌ಮೆಂಟು ಮೂರನೆಯ ಮಹಡಿಯಲ್ಲಿ. ಮೆಟ್ಟಿಲಿನಲ್ಲಿ ಅದನ್ನು ನಾನೇ ಹೊರುತ್ತೇನೆಂದೆ, ಅರ್ಧದಲ್ಲಿ ಅವಳು ತೆಗೆದುಕೊಂಡಳು. ಉಪ್ಪಿಟ್ಟು ಮಾಡಿದ್ದಳು. ಚೆನ್ನಾಗಿತ್ತು. ತಾಯಿಯ ಹಾಗೆ ಕೊನೆಗೆ ನಿಂಬೆಹಣ್ಣು ಹಿಂಡುತ್ತಾಳೆ.

ಸ್ಕೀಯನ್ನು ನೆಲಕ್ಕೆ ಊರಿ, ನಡುವಿಗೆ ಕೈ ಒತ್ತಿದಳು. ಅದು ಬಾಗಲಿಲ್ಲ. ಇನ್ನೂ ಒತ್ತಿದಳು.

'ಇಟ್ಸ್ ಎ ಬ್ಯೂಟಿಫುಲ್ ಸ್ಕೀ, ಅಪ್ಪ.'

'ಸ್ವಲ್ಪ ಬಿಗಿ ಅನ್ನಿಸತ್ತೆ. ಎರಡು ವರ್ಷ ಬಿಟ್ಟರೆ ಕೈಗೆ ಬರತ್ತೆ. ಬೆಳೀತೀಯ ಅದಕ್ಕೆ.'

'ಅಪ್ಪ. ನನಗೆ ಮೂವತ್ತೊಂದು. ಐ ಆಮ್ ಡನ್ ಗ್ರೋಯಿಂಗ್.' ಅಂದು ನಕ್ಕಳು. ನನ್ನನ್ನು ನೋಡಿ ನಗು ನಿಲ್ಲಿಸಿದಳು. 'ಇದು ನಿಮ್ಮ ಸ್ಕೀ. ಯೂ ಆಲ್ವೇಸ್ ಬೈ ದ ಸ್ಕೀ ಫಾರ್ ಸಮ್‌ಒನ್ ಹೂ ಈಸಂಟ್ ಹಿಯರ್ ಯೆಟ್.'

ಈ ದೇಶದಲ್ಲಿ ಬೆಳೆದ ಮಕ್ಕಳಿಗೆ ಇಂಥ ವಾಕ್ಯ ಸಲೀಸು. ಇಲ್ಲದವರಿಗೆ ಕೊಳ್ಳುತ್ತೇನಂತೆ.

ವಾಪಸ್ ತಂದೆ. ಸೋಮವಾರ ಅಂಗಡಿಗೆ ಹಿಂದಿರುಗಿಸಬೇಕು. ಹ್ಯೂಸ್ಟನ್ ದಾರಿಯುದ್ದಕ್ಕೂ ಬ್ರೇಕ್ ಹಾಕಿದಾಗಲೆಲ್ಲ ಅದು ಜಾರಿ ನನ್ನ ಮೊಣಕೈಗೆ ತಿವಿಯುತ್ತಿತ್ತು.

ಜನವರಿ 11, ಭಾನುವಾರ

ಮಂಜು, ಶೆಖೆ ಎರಡೂ ಸೇರಿದ ಹವೆ. ಜನವರಿಯಲ್ಲಿ ಗೋಡೆ ಬೆವರುವ ಊರು ಇದೊಂದೇ ಇರಬೇಕು. ಗ್ಯಾರೇಜಿನಲ್ಲಿ ಬೇರೆ ಏನೋ ಹುಡುಕುತ್ತಿದ್ದೆ, ದಾಕ್ಷಾಯಣಿಯ ಸ್ಕೀಯ ಅಂಚು ಕಣ್ಣಿಗೆ ಬಿತ್ತು. ಇಡೀ ಉದ್ದಕ್ಕೂ ಕಿತ್ತಳೆ ಬಣ್ಣ. ತುಕ್ಕು.

ಮುಟ್ಟಬೇಡಿ ಎಂದು ಕಾದದ್ದೇನು, ಆದದ್ದೇನು. ಅವಳು ಬೇಸಿಗೆಯ ಮೊದಲು ಅಂಚಿಗೆಲ್ಲ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಸ್ಕೀಗೆ ಅಭ್ಯಂಜನ ಎಂದು ನಾನು ಗೇಲಿ ಮಾಡುತ್ತಿದ್ದೆ, ಅಂಗಡಿಯ ವ್ಯಾಕ್ಸ್ ಬಿಟ್ಟು ಇದೇನು ಎಂದು. ಕಳೆದ ಬೇಸಿಗೆ ಯಾರೂ ಸವರಲಿಲ್ಲ.

ಬಚ್ಚಲಿನಲ್ಲಿ ಅವಳ ಎಣ್ಣೆ ಬಾಟಲಿ ಇನ್ನೂ ಇತ್ತು. ಚಳಿಯಿಲ್ಲದಿದ್ದರೂ ಹೇಗೋ ಹೆಪ್ಪುಗಟ್ಟಿತ್ತು. ಅಂಗೈಯಲ್ಲಿ ಕರಗಿಸಿಕೊಂಡು ಹಚ್ಚಿದೆ. ಆಮೇಲೆ ಗಮನಿಸಿದರೆ ಕೈಯನ್ನು ತಲೆಗೆ ಒರೆಸಿಕೊಂಡಿದ್ದೆ. ಸಂಜೆಯವರೆಗೂ ಮನೆಯಲ್ಲೆಲ್ಲ ಆ ವಾಸನೆ.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಸ್ಕೀಯನ್ನು ಡಲ್ಲಾಸಿನ ಆ ಅಂಗಡಿಗೇ ಒಯ್ಯುತ್ತೇನೆ, ಪ್ರತಿ ವರ್ಷ ಪ್ರಯಾಣಕ್ಕೆ ಮೊದಲು ಹೋಗುತ್ತಿದ್ದ ಅಂಗಡಿ. ತುಕ್ಕು ಉಜ್ಜಿಸುತ್ತೇನೆ. ಹೊಸ ತೂತು ಕೊರೆಯಬಹುದೇ ಎಂದೂ ಕೇಳುತ್ತೇನೆ. ಇಷ್ಟು ಹಳೆಯ ಸ್ಕೀಗೆ ಆಗುವುದಿಲ್ಲ ಅನ್ನುತ್ತಾರೆ. ಅವರ ಬಾಯಿಂದಲೇ ಅನ್ನಿಸಿ ಮಹತಿಗೆ ಹೇಳಿದರೆ ಮುಗಿಯಿತು. ಆಗ ನಾನು ಕೆಟ್ಟವನಾಗುವುದಿಲ್ಲ.

ಫೆಬ್ರವರಿ 10, ಮಂಗಳವಾರ
ಕಾಪೆಲ್, ಬದರಿಯ ಮನೆ

ಅಕ್ಷರ ಸೊಟ್ಟ ಬಂದರೆ ಬರಲಿ.

ಅಂಗಡಿಯ ಹಿಂಭಾಗದ ಬೆಂಚಿನಲ್ಲಿ ಡೋನಾ ಎಂಬ ಹೆಂಗಸು ಸ್ಕೀ ರಿಪೇರಿ ಮಾಡುತ್ತಾಳೆ. ನಾನು ನೋಡಿದ್ದು ಇದೇ ಮೊದಲು, ನನಗಿಂತ ಸ್ವಲ್ಪ ಚಿಕ್ಕವಳಿರಬಹುದು. ಸ್ಕೀಯನ್ನು ಬೆಂಚಿನ ಮೇಲೆ ಇಡುತ್ತಿದ್ದಂತೆ ತುದಿ ನೋಡಿದಳು.

'ಓ, ಕೆಂಪು ಚುಕ್ಕೆಯ ಸ್ಕೀ. ಹೇಗಿದ್ದಾಳೆ ಆಕೆ? ಒಂದ್ಸಲ ನನಗೆ ಸುರುಳಿ ಸುರುಳಿ ಇರೋ ಖಾರದ ತಿಂಡಿ ತಂದುಕೊಟ್ಟಿದ್ಲು.'

ತೀರಿಕೊಂಡಳು ಅಂದೆ. ಡೋನಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಆ ಕೆಂಪು ಚುಕ್ಕೆಯ ಪಕ್ಕ ಕೈ ಇಟ್ಟಳು. ಬದರಿಗಿಂತ ವಾಸಿ.

ಆಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ. ಬಿಚ್ಚಿ ನೋಡದೆ ಹೇಳಲಾಗದು ಅಂದಳು. ಬಿಚ್ಚಿದಳು. ಮುಂದಿನ ತುಂಡಿನ ಕೆಳಗೆ ತೂತುಗಳು ಇರಬೇಕಾದಷ್ಟು ಇರಲಿಲ್ಲ, ಅದರ ಎರಡರಷ್ಟಿದ್ದವು. ಒಂದು ಸಾಲು ಸ್ಕ್ರೂ ತೆಗೆದದ್ದು. ಅದರ ಹಿಂದೆ ಎರಡು ಸೆಂಟಿಮೀಟರ್ ಬಿಟ್ಟು ಇನ್ನೊಂದು ಸಾಲು, ಬಿಳಿ ಬೆಣೆ ತುರುಕಿ ಮುಚ್ಚಿದ್ದು. ಹಿಂದಿನ ತುಂಡಿನ ಕೆಳಗೂ ಹಾಗೆಯೇ.

'ಇದನ್ನು ಯಾರು ಮಾಡಿದ್ದು?'

'ನಾನೇ ಮಾಡಿದ್ದು. ಏಳು ವರ್ಷ ಆಗಿರಬೇಕು. ಸ್ಕೀ ಆಕೆಗೆ ಉದ್ದ ಆಗಿತ್ತು. ಬೈಂಡಿಂಗ್ ಎರಡು ಸೆಂಟಿಮೀಟರ್ ಮುಂದಕ್ಕೆ ಹಾಕಿಕೊಟ್ಟೆ. ಮುಂದೆ ನಿಂತರೆ ಉದ್ದದ ಸ್ಕೀ ಕೂಡ ಬೇಗ ತಿರುಗುತ್ತೆ, ನೋಡಿ.' ನಕ್ಕಳು. 'ಆಕೆ ಹೇಳಿದ್ಲು, ನನ್ನ ಗಂಡ ಎಲ್ಲವನ್ನೂ ಬೆಳೆಯಲಿ ಅಂತ ಕೊಳ್ಳುತ್ತಾರೆ ಅಂತ. ನೀವು ಗಂಡ ಅಲ್ಲ ತಾನೇ?'

ಆಗ ಚಿಟ್ಟೆಯನ್ನು ಉಗುರಿನಿಂದ ಕಿತ್ತೆ. ಕೆಳಗೆ ನನ್ನ ಗೆರೆ ಇತ್ತು. ಬೂಟಿನ ನಡುವಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ, ಎರಡು ಸೆಂಟಿಮೀಟರ್ ಹಿಂದೆ.

ಮತ್ತೆ ಏನೂ ಕೇಳಲಿಲ್ಲ. ತುಕ್ಕು ಹಾಗೇ ಇರಲಿ ಅಂದೆ. ಬಿಚ್ಚಿದ ತುಂಡುಗಳನ್ನು ಚೀಲಕ್ಕೆ ಸುರಿದುಕೊಂಡು, ಎರಡು ಬೋಳು ಹಲಗೆ ಹೊತ್ತುಕೊಂಡು ಬಂದೆ. ಹ್ಯೂಸ್ಟನ್‌ಗೆ ಹೋಗುವಷ್ಟು ಕಣ್ಣು ನೆಟ್ಟಗಿರಲಿಲ್ಲ, ಕಾಪೆಲ್ ಹತ್ತಿರವಿತ್ತು.

ರಾಜಲಕ್ಷ್ಮಿ ಬಾಗಿಲು ತೆರೆದರು. ಕೈಯಲ್ಲಿದ್ದುದನ್ನು ನೋಡಿದರು. ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

'ಪ್ರಯಾಣದ ಹಿಂದಿನ ದಿನ ಚಕ್ಕುಲಿ ಹಿಟ್ಟು ತರ್ತೀವಿ ಅಂತ ನೀವು, ಅವಳು ಇಬ್ಬರೂ ಹೋಗಿದ್ರಿ. ಏಳು ವರ್ಷದ ಹಿಂದೆ. ಅರ್ಧ ದಿನ.'

'ಹೌದ್ರಿ. ನಾನೇ ಕಾರ್ ಹೊಡಕೊಂಡ್ ಹೋಗಿದ್ದೆ.' ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. 'ನಿಮಗ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ಲು ದಾಕ್ಷಾಯಣಿ.'

'ಎಲ್ಲರಿಗೂ ಗೊತ್ತಿತ್ತಾ?'

ಬದರಿ ಸೋಫಾದಿಂದ, 'ಲೋ, ಕೂತ್ಕೋ ಮೊದ್ಲು' ಅಂದ. ಅಂದರೆ ಗೊತ್ತಿತ್ತು.

'ಲಾಡ್ಜಲ್ಲಿ ಪ್ರತಿ ವರ್ಷ ನಾನು ಪಾಠ ಹೇಳ್ತಾ ಇದ್ದೆ. ನೀವೆಲ್ಲ ಕಾಫಿ ಕುಡೀತಾ ಕೇಳ್ತಾ ಇದ್ರಿ.'

'ನಗಾಕ ಅಲ್ರಿ,' ಅಂದರು ರಾಜಲಕ್ಷ್ಮಿ. 'ಆಕಿ ಅಂತಿದ್ಲು, ಅವರು ಆರಿಸಿದ್ದು ಅಂತ ಅವರಿಗೆ ಭಾಳ ಖುಷಿ ಐತಿ, ಇರಲಿ ಬಿಡು, ಎರಡು ಸೆಂಟಿಮೀಟರ್‌ಗೆ ಯಾಕ ಜಗಳ, ಅಂತ. ನಿಮ್ಮ ಸ್ಕೀ ಮ್ಯಾಲೇನ ಇಳದ್ಲಲ್ರಿ ಕಡೀತನಕ. ಬ್ಯಾರೇದು ಕೊಂಡ್ಲೇನು?'

ಮೇಲಿನ ಕೋಣೆ ಕೊಟ್ಟಿದ್ದಾರೆ. ಊಟ ಬೇಡ ಅಂದೆ. ತಟ್ಟೆಯನ್ನು ಬಾಗಿಲ ಹೊರಗೆ ಮುಚ್ಚಿಟ್ಟು ಹೋಗಿದ್ದಾರೆ.

ಫೆಬ್ರವರಿ 11, ಬುಧವಾರ

ಇಡೀ ಜೀವಮಾನ ಒಂದು ಸ್ಕ್ರೂ ಕೂದಲೆಳೆ ಸರಿದರೂ ಕಂಡುಹಿಡಿದವನು. ಅದಕ್ಕಾಗಿ ಫಲಕ ಕೊಟ್ಟಿದ್ದಾರೆ, ಮನೆಯ ಹಾಲ್‌ನಲ್ಲಿ ನೇತುಹಾಕಿದೆ.

ಅಷ್ಟು ವರ್ಷ ಆ ಸ್ಕೀಯನ್ನು ಕಾರಿಗೆ ಕಟ್ಟಿದ್ದು ನಾನು, ಬಿಚ್ಚಿದ್ದು ನಾನು, ಒರೆಸಿದ್ದು ನಾನು.

ಮೋಸ ಎಂದು ಬರೆದು ಹೊಡೆದುಹಾಕಿದ್ದೇನೆ. ಬೇರೆ ಪದ ಸಿಕ್ಕಿಲ್ಲ. 'ಸರಿ' ಅನ್ನುತ್ತಿದ್ದಳಲ್ಲ, ಎಲ್ಲದಕ್ಕೂ. ಮನೆಗೆ ಯಾವ ಬಣ್ಣ, ಯಾವ ಕಾರು, ಯಾವ ಡಾಕ್ಟರು. ಯಾವುದು ನಿಜವಾದ ಸರಿ, ಯಾವುದರ ಮೇಲೆ ಚಿಟ್ಟೆ ಅಂಟಿಸಿದ್ದಳು, ಈಗ ಯಾರನ್ನು ಕೇಳಲಿ.

ಬದರಿ ಎರಡು ಸಲ ಬಂದು ಬಾಗಿಲು ತಟ್ಟಿದ. ನಾಡಿದ್ದು ಬೆಳಿಗ್ಗೆ ಹೊರಡುವುದು, ನಾಳೆ ಸಂಜೆ ಮಹತಿ ಬರುತ್ತಾಳೆ, ಏನ್ಮಾಡ್ತೀಯ, ಅಂದ. ಅವಳು ಬರುವ ಮೊದಲು ಹ್ಯೂಸ್ಟನ್‌ಗೆ ಹೋಗುತ್ತೇನೆ ಅಂದೆ. ಅವಳು ಅಲ್ಲಿ ಬಾಡಿಗೆಯ ಸ್ಕೀ ಹಾಕಿಕೊಳ್ಳಲಿ.

ಫೆಬ್ರವರಿ 12, ಗುರುವಾರ
ಕಾಪೆಲ್, ಗ್ಯಾರೇಜು

ಮಧ್ಯಾಹ್ನವೇ ಹೊರಡಬೇಕಿತ್ತು. ಸ್ಕೀ ಇಲ್ಲೇ ಬಿಟ್ಟು ಹೋಗುವುದೋ ಒಯ್ಯುವುದೋ ಎಂದು ಗ್ಯಾರೇಜಿಗೆ ಬಂದೆ. ಬದರಿಯ ಗೋಡೆಯ ಮೇಲೆ ಉಕ್ಕಿನ ಅಳತೆಪಟ್ಟಿ ಇತ್ತು. ಪಟ್ಟಿ ಕಂಡರೆ ಅಳೆಯದೆ ಇರಲಾರೆ, ಅದೊಂದು ರೋಗ.

ನೆಲದ ಮೇಲೆ ಕೂತು ಅಳೆದೆ. ಮೊದಲು ನಂಬಲಿಲ್ಲ, ಇನ್ನೊಂದು ಸ್ಕೀಯನ್ನೂ ಅಳೆದೆ. ನಾನು ಕೊರೆಸಿದ ಮುಂದಿನ ತೂತಿಗೂ ಹಿಂದಿನ ತೂತಿಗೂ ನಡುವೆ ದಾಕ್ಷಾಯಣಿಯ ಬೂಟು ಹಿಡಿಯುತ್ತದೆ. ಅವಳು ಕೊರೆಸಿದ ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಅದೇ ಬೂಟು, ಎರಡೂ ಎರಡು ಸೆಂಟಿಮೀಟರ್ ಮುಂದೆ. ಇದು ಗೊತ್ತಿದ್ದದ್ದೇ. ಅವಳ ಮುಂದಿನ ತೂತಿನಿಂದ ನನ್ನ ಹಿಂದಿನ ತೂತಿಗೆ ಅಳೆದರೆ ಸರಿಯಾಗಿ ಎರಡು ಸೆಂಟಿಮೀಟರ್ ಹೆಚ್ಚು. ಮಹತಿಯ ಬೂಟು.

ಹೊಸ ತೂತು ಒಂದೂ ಬೇಡ. ಮುಂದಿನ ತುಂಡು ದಾಕ್ಷಾಯಣಿ ಇಡಿಸಿದ ಜಾಗದಲ್ಲೇ ಕೂರಲಿ. ಹಿಂದಿನದು ನನ್ನ ಹಳೆಯ ತೂತಿಗೆ ವಾಪಸ್ ಬರಬೇಕು. ಬೆಣೆ ತೆಗೆದು ಒಳಗೆ ಲೋಹದ ಸುರುಳಿ ಕೂರಿಸಿದರೆ ಸ್ಕ್ರೂ ಹಿಡಿಯುತ್ತದೆ. ಡೋನಾಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತನ್ನಿ, ಬೂಟನ್ನೂ ತನ್ನಿ, ಬಿದ್ದಾಗ ಬೈಂಡಿಂಗ್ ಬೂಟನ್ನು ಬಿಡುತ್ತದೋ ಇಲ್ಲವೋ ಯಂತ್ರಕ್ಕೆ ಹಾಕಿ ನೋಡದೆ ಕೊಡುವುದಿಲ್ಲ ಅಂದಳು. ತುಕ್ಕನ್ನೂ ಉಜ್ಜುತ್ತಾಳಂತೆ. ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ, ಅದು ಇರಲಿ ಅಂದೆ. ಓ, ಅದರ ವಾಸನೆಯಾ ಅದು, ಅಂದಳು.

ಹಾಗೆ ಹಾಕಿದರೆ ಬೂಟಿನ ನಡು ಗೆರೆಯ ಮೇಲೂ ಬರುವುದಿಲ್ಲ, ದಾಕ್ಷಾಯಣಿ ನಿಂತ ಕಡೆಯೂ ಬರುವುದಿಲ್ಲ. ಮಧ್ಯದಲ್ಲಿ ಬರುತ್ತದೆ. ಮಹತಿ ತಾಯಿಗಿಂತ ಎತ್ತರ, ಸ್ಕೀಯ ಉದ್ದವೂ ಅವಳಿಗೆ ಸರಿ. ಎಂಬತ್ತೆಂಟರ ಸೊಂಟ, ಒಳಗೆ ಮರ, ಮೇಲೆ ಒಂದೇ ಹಾಳೆ. ನಾಲ್ಕು ತಿಂಗಳಿನಿಂದ ಹುಡುಕುತ್ತಿದ್ದದ್ದು. ಇದನ್ನು ಅವಳಿಗೆ ಆರಿಸಿದ್ದು ಯಾರು ಎಂದು ಕೇಳಿದರೆ ಏನು ಹೇಳುವುದು, ನನಗೆ ತೋಚುತ್ತಿಲ್ಲ. ನಾನಂತೂ ಅಲ್ಲ. ನಾನಲ್ಲವೆಂದೂ ಅಲ್ಲ.

ಬೂಟು ಮರೆಯಬೇಡ ಎಂದು ಅವಳಿಗೆ ಮೆಸೇಜು ಹಾಕಿದೆ. ಯಾವ ಸ್ಕೀಗೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಿನ್ನ ಸ್ಕೀಗೆ, ಇನ್ಯಾವುದಕ್ಕೆ ಅಂತ ಹಾಕಿದೆ. ಉತ್ತರ ಬರಲಿಲ್ಲ. ಅರ್ಧ ದಾರಿಯ ವೇಕೋ ದಾಟಿದ್ದಾಳೆಂದು ರಾಜಲಕ್ಷ್ಮಿ ಒಳಗಿನಿಂದ ಕೂಗಿ ಹೇಳಿದರು. ಅವರಿಗೆ ಮೆಸೇಜು ಹೋಗುತ್ತದೆ, ನನಗಲ್ಲ. ನಾಳೆಯ ದಾರಿಗೆ ಚಪಾತಿ ಲಟ್ಟಿಸುತ್ತಿದ್ದಾರೆ. ನಿಮಗ ಎಷ್ಟು ಕಟ್ಲಿ ಅಂದರು. ನಾನು ಬರುತ್ತೇನೆಂದು ಯಾರಿಗೆ ಹೇಳಿದ್ದೇನೆ? ಎರಡು ಸಾಕು ಅಂದೆ. ಜಾಕೆಟ್ ಹೇಗೂ ಕಾರಿನಲ್ಲೇ ಬಿದ್ದಿತ್ತು, ತೆಗೆದು ಕೊಡವಿ ಇಟ್ಟಿದ್ದೇನೆ.

ಯಾರನ್ನೂ ಕ್ಷಮಿಸಿದ್ದೇನೆ ಎಂದಲ್ಲ. ಬದರಿಯನ್ನಂತೂ ಇಲ್ಲ. ದಾಕ್ಷಾ, ನಿನ್ನನ್ನೂ ಇಲ್ಲ. ಒಂದು ಮಾತು ಹೇಳಬಹುದಿತ್ತು. ಕೂಗಾಡುತ್ತಿದ್ದೆ ನಿಜ, ಎರಡು ದಿನ ಊಟ ಬಿಡುತ್ತಿದ್ದೆ, ಆಮೇಲೆ ನಾನೇ ಪಟ್ಟಿ ಹಿಡಿದು ಅಳೆದುಕೊಡುತ್ತಿದ್ದೆ. ಅಥವಾ ಕೊಡುತ್ತಿರಲಿಲ್ಲ. ಅದು ನಿನಗೆ ಗೊತ್ತಿತ್ತೇನೋ.

ಕಿತ್ತ ಚಿಟ್ಟೆ ಜೇಬಿನಲ್ಲಿದೆ. ಅಂಟು ಹೋಗಿದೆ. ಗೆರೆ ಮಹತಿಗೆ ಕಾಣಲಿ, ತಾಯಿ ಎಷ್ಟು ಮುಂದೆ ನಿಂತಿದ್ದಳೆಂದು ತೋರಿಸಬೇಕು. ಪಾಠ ಹೇಳುವುದಿಲ್ಲ, ತೋರಿಸುವುದಷ್ಟೇ. ತೂತಿನ ಪಕ್ಕ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದೆ, ಮುಂದಿನದಕ್ಕೆ ಹಾಕಿಯಾಯಿತು. ಹಿಂದಿನದಕ್ಕೆ ಹಾಕಲು ಬಗ್ಗಿದರೆ ಬಿಳಿ ಬೆಣೆಗೂ ಹಲಗೆಗೂ ವ್ಯತ್ಯಾಸ ಕಾಣುತ್ತಿಲ್ಲ. ಕಣ್ಣಲ್ಲ, ಬೆಳಕೇ ಹೋಗುತ್ತಿದೆ. ದೀಪ ಹಾಕುತ್ತೇನೆ, ಗ್ಯಾರೇಜಿನ ಬಾಗಿಲನ್ನೂ ಎತ್ತಿಡುತ್ತೇನೆ. ಅವಳ ಕಾರು ತಿರುಗುವಾಗ ಯಾವ ಮನೆ ಎಂದು ಕಾಣಬೇಕಲ್ಲ.